ಕೀಲಿಕೈ ಬಿಡದ ಕಾರು

ಕಾರು ಜಿಗಿದು ಕುರ್ಚಿಗೆ ಗುದ್ದಿದ ದಿನ ನನ್ನ ಬಗೆಗಿನ ತೀರ್ಪು ಹೊರಬೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾನು ಇನ್ನೂ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಕಾರುಗಳನ್ನು ನಿಲ್ಲಿಸುವ ಜಾಗದಲ್ಲಿ, ಬಂಪರಿಗೂ ಗೋಡೆಗೂ ನಡುವೆ ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ಮಡಚಿ ಸೀಳಿಹೋಗಿತ್ತು. ಅದರ ಮೇಲಿದ್ದ ಪತ್ರಿಕೆಯ ಹಾಳೆಗಳು ಬಾನೆಟ್ಟಿನ ಮೇಲೆ ಬಿದ್ದಿದ್ದವು. ಕುರ್ಚಿಯ ಒಡೆಯರು ನೆಲಮಹಡಿಯ ನೆರೆಯವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ದಿನಾ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತು ಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದುವ ಅವರು ಆ ಕ್ಷಣಕ್ಕೆ ಚಹಾ ತರಲು ಒಳಗೆ ಹೋಗಿದ್ದರು. ಕಪ್ಪು ಹಿಡಿದು ಬಾಗಿಲಿಗೆ ಬಂದು ನಿಂತರು. ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಗುಟುಕು ಚಹಾ ಕುಡಿದರು.

“ನಾ ಕುಂತಿದ್ರ ಏನ್ ಮಾಡ್ತಿದ್ರಿ ಸಾಹೇಬ್ರ?” ಅಂದರು.

ಅವರು ರಾಯಚೂರಿನ ಕಡೆಯವರು, ನಾವು ಧಾರವಾಡದ ಕಡೆಯವರು. ತೆಲುಗರೇ ತುಂಬಿದ ಇಡೀ ಕಟ್ಟಡದಲ್ಲಿ ಕನ್ನಡ ಮಾತಾಡುವ ಮನೆಗಳು ಇವೆರಡೇ. ಹಾಗಾಗಿ ನಮ್ಮ ಸಲಿಗೆಗೂ ಜಗಳಕ್ಕೂ ಬೇರೆ ಭಾಷೆ ಹುಡುಕುವ ಕಷ್ಟವಿಲ್ಲ.

“ಗಾಡಿ ಪಿ ಒಳಗ ಇತ್ರಿ. ಚಾವಿ ತಿರುವಿದೆ, ಅಷ್ಟ. ತಾನ ಹಾರ್ತು,” ಅಂದೆ.

“ಗಾಡಿ ತಾನ ಹಾರಂಗಿಲ್ರಿ. ಹಾರಿಸಿದ್ರ ಹಾರ್ತದ.”

ಸದ್ದು ಕೇಳಿ ನನ್ನ ಹೆಂಡತಿ ಮೆಟ್ಟಿಲಿಳಿದು ಬಂದಳು. ಕಿಟಕಿಯೊಳಗೆ ಕೈ ಹಾಕಿ, ಎಂಜಿನ್ ಆರಿಸಿ, ಕೀಲಿಕೈ ಎಳೆದುಕೊಂಡು ಮೇಲಕ್ಕೆ ಹೋದಳು. ಮಧ್ಯಾಹ್ನ ಕೇಳಿದಾಗ ಅದು ದೇವರ ಕಪಾಟಿನಲ್ಲಿ, ಕುಂಕುಮದ ಭರಣಿಯ ಹಿಂದೆ ಇದೆ ಎಂದಳು. ಮದುವೆಯಾದಂದಿನಿಂದ ನಾನು ಆ ಕಪಾಟಿನ ಬಾಗಿಲನ್ನು ಮುಟ್ಟಿದವನಲ್ಲ ಎಂಬುದು ಅವಳಿಗೆ ಗೊತ್ತು. ಬ್ಯಾಂಕಿನ ಲಾಕರಿಗಿಂತ ಭದ್ರವಾದ ಜಾಗವನ್ನೇ ಆರಿಸಿದ್ದಳು.

ಆ ಕಾರಿಗೆ ಕ್ಲಚ್ ಇಲ್ಲ. ನನ್ನ ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆ ಆದ ಮೇಲೆ ಕ್ಲಚ್ ಒತ್ತುವುದು ಆಗದ ಮಾತಾಯಿತು. ಹಳೆಯ ಕಾರನ್ನು ಮಾರಿ, ಬೇಗಂಪೇಟೆಯ ಒಬ್ಬ ಏಜೆಂಟನಿಂದ ಈ ಆಟೊಮ್ಯಾಟಿಕ್ ಕಾರನ್ನು ಕೊಂಡೆ. ಹೊಸದೇನಲ್ಲ, ಯಾರೋ ಓಡಿಸಿ ಬಿಟ್ಟದ್ದು. “ಸಿಂಗಲ್ ಓನರ್ ಸರ್, ಲೇಡಿ ಡಾಕ್ಟರ್,” ಎಂದಿದ್ದ ಏಜೆಂಟ್. ಈ ಊರಿನಲ್ಲಿ ಮಾರಾಟಕ್ಕೆ ಬರುವ ಹಳೆಯ ಕಾರುಗಳನ್ನೆಲ್ಲ ಲೇಡಿ ಡಾಕ್ಟರುಗಳೇ ಓಡಿಸಿರುತ್ತಾರೆ. ಅವರು ರೋಗಿಗಳನ್ನು ನೋಡುವುದು ಯಾವಾಗಲೋ ತಿಳಿಯದು.

ಆ ಕಾರಿನಲ್ಲಿ ನಾನು ಹೋಗುತ್ತಿದ್ದುದು ಎಲ್ಲಿಗೂ ಅಲ್ಲ. ಬೆಳಿಗ್ಗೆ ಹೊರಟು, ಎತ್ತ ತಿರುಗಬೇಕೆನಿಸುತ್ತದೋ ಅತ್ತ ತಿರುಗಿ, ಯಾವುದೋ ಕೆರೆಯ ಏರಿಯ ಮೇಲೋ ಕಲ್ಲುಬಂಡೆಗಳ ಪಕ್ಕದಲ್ಲೋ ನಿಲ್ಲಿಸಿ, ಇಡ್ಲಿ ತಿಂದು ಬರುತ್ತಿದ್ದೆ. ಒಂದು ಕಡೆ ಕೂತು ನನಗೆ ಅಭ್ಯಾಸವಿಲ್ಲ. ಕೀಲಿಕೈ ಹೋಯಿತೆಂದರೆ ಆ ಬೆಳಗುಗಳು ಹೋದವು. ಇನ್ನೊಂದು ಭಯ ಅದಕ್ಕಿಂತ ದೊಡ್ಡದಿತ್ತು. ಈ ಒಂದು ವಿಷಯದಲ್ಲಿ ‘ಅವರಿಗೆ ಮರೆವು’ ಎಂದು ಒಮ್ಮೆ ಬರೆದುಬಿಟ್ಟರೆ, ಮುಂದೆ ನಾನು ಹೇಳುವ ಯಾವ ಮಾತೂ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಹಾಲಿನವನು ಬಂದಿದ್ದ ಎಂದು ನಾನು ಹೇಳಿದರೂ ಫ್ರಿಜ್ ತೆರೆದು ನೋಡುತ್ತಾರೆ.

ನಿಜ ಹೇಳಬೇಕೆಂದರೆ, ಆಗಲೇ ನೋಡಲು ಶುರು ಮಾಡಿದ್ದರು. ಒಂದೇ ದಿನ ಎರಡು ಸಲ ಕರಿಬೇವು ತಂದಿದ್ದೆ. ಮದುವೆಯೊಂದರಲ್ಲಿ, ಬಹಳ ವರ್ಷ ನನ್ನ ಪಕ್ಕದ ಮೇಜಿನಲ್ಲೇ ಕೂತು ಕೆಲಸ ಮಾಡಿದವರ ಹೆಸರು ನಾಲಿಗೆಯ ಮೇಲೆ ಬರದೆ, ‘ಏನ್ರೀ ಸರ್’ ಎಂದೇ ಊಟ ಮುಗಿಸಿದ್ದೆ. ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಯಾವ ಗೋಡೆಯ ಬಳಿ ನಿಂತು ಮಗಳಿಗೆ ವಿಮಾನ ಇಳಿಯುವುದನ್ನು ತೋರಿಸುತ್ತಿದ್ದೆವು ಎಂಬ ಬಗ್ಗೆ ಹೆಂಡತಿಗೂ ನನಗೂ ಒಮ್ಮತವಿಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಕೇಂದ್ರ ಸರ್ಕಾರದ ಒಂದು ರಕ್ಷಣಾ ಘಟಕದ ಪರೀಕ್ಷಾ ವಿಭಾಗದಲ್ಲಿ ನೌಕರಿ ಸವೆಸಿದವನು. ಯಾವ ಮೀಟರು ತೋರಿಸುವ ಅಂಕಿಯನ್ನೂ ಮೊದಲ ಸಲಕ್ಕೆ ನಂಬಬಾರದು ಎಂಬುದಕ್ಕೇ ನನಗೆ ಸಂಬಳ ಬರುತ್ತಿತ್ತು. ನನ್ನ ತಲೆಯನ್ನು ಮಾತ್ರ ನಂಬಿ ಎಂದು ಹೇಗೆ ಕೇಳಲಿ?

ಆದರೂ ಒಂದು ಮಾತು ನನ್ನ ನೆನಪನ್ನು ಅವಲಂಬಿಸಿರಲಿಲ್ಲ. ಆಟೊಮ್ಯಾಟಿಕ್ ಕಾರಿನ ಲಿವರನ್ನು ಪಿ ಎಂಬ ಅಕ್ಷರಕ್ಕೆ ತಂದರೆ ಗಾಲಿಗಳು ಕಚ್ಚಿಕೊಳ್ಳುತ್ತವೆ. ಎನ್ ಎಂಬಲ್ಲಿ ಎಂಜಿನ್ನಿಗೂ ಗಾಲಿಗೂ ಸಂಬಂಧ ಕಡಿಯುತ್ತದೆ. ಡಿ ಎಂಬಲ್ಲಿ ಕಾರು ಮುಂದಕ್ಕೆ ಚಲಿಸುತ್ತದೆ. ಪಿ ಅಥವಾ ಎನ್ ಹೊರತು ಬೇರೆಲ್ಲೇ ಲಿವರ್ ಇದ್ದರೂ ಕೀಲಿಕೈ ಎಷ್ಟು ತಿರುಗಿಸಿದರೂ ಎಂಜಿನ್ ಶುರುವಾಗುವುದಿಲ್ಲ. ಹಾಗಾಗದಂತೆ ತಯಾರಿಸಿದವರೇ ಕಟ್ಟಿಟ್ಟಿರುತ್ತಾರೆ. ಈಗ ನೋಡಿ. ನಾನು ಪಿಯಲ್ಲಿ ಇಟ್ಟಿದ್ದೆನಾದರೆ ಕಾರು ಜಿಗಿಯಲಾರದು. ಮರೆತು ಡಿಯಲ್ಲೇ ಬಿಟ್ಟಿದ್ದೆನಾದರೆ ಕಾರು ಶುರುವಾಗಲಾರದು. ಆದರೆ ಶುರುವಾದ ಗಳಿಗೆಯಲ್ಲೇ ಜಿಗಿಯಿತು. ನಾನು ಮರೆತಿರಲಿ, ಮರೆಯದಿರಲಿ, ಆ ಕಾರಿನಲ್ಲಿ ಯಾರೋ ಕೈಯಾಡಿಸಿದ್ದಾರೆ.

ಇದನ್ನು ನಾನು ಹೆಂಡತಿ ಊಟ ಬಡಿಸುವಾಗ ಅವಳಿಗೆ ವಿವರಿಸಿದೆ. ಬೇಗಂಪೇಟೆಯ ಆಫೀಸಿನಲ್ಲಿದ್ದ ಮಗಳಿಗೆ ಫೋನಿನಲ್ಲಿ ವಿವರಿಸಿದೆ. ಗೇಟಿನ ಬಳಿ ನೆರೆಯವರಿಗೆ ವಿವರಿಸಿದೆ.

“ಅಪ್ಪಾ, ಗಾಡಿ ವಿಷಯ ಬಿಡು. ಒಮ್ಮೆ ಡಾಕ್ಟರಿಗೆ ತೋರಿಸ್ಕೊಂಡು ಬರೋಣು,” ಎಂದಳು ಮಗಳು.

“ಲೇಡಿ ಡಾಕ್ಟರಿಗೇನು?” ಎಂದೆ. ಅವಳು ನಗಲಿಲ್ಲ.

ನೆರೆಯವರು ಪೂರ್ತಿ ಕೇಳಿಸಿಕೊಂಡರು. “ನಿಮ್ಮ ಲೆಕ್ಕ ಭಾಳ ಚಂದ ಐತ್ರಿ. ಆದ್ರ ಮುರದದ್ದು ನನ್ನ ಕುರ್ಚಿ. ಇನ್ನ ಮ್ಯಾಲ ಗೇಟಿನ ಒಳಗ ಸ್ಟೀರಿಂಗ್ ಮುಟ್ಟಬ್ಯಾಡ್ರಿ. ಗೇಟ್ ಹೊರಗ ಏನರ ಮಾಡ್ಕೊಳ್ರಿ.” ಆಮೇಲೆ ಸ್ವಲ್ಪ ಮೆತ್ತಗಾಗಿ, “ವಯಸ್ಸಾದ ಮ್ಯಾಲ ಆಗ್ತದ. ಇದ್ರಾಗ ಅವಮಾನ ಏನಿಲ್ಲ,” ಎಂದರು. ಅವರು ನನಗಿಂತ ಹಿರಿಯರು.

ಕಾರನ್ನು ನಾನೇ ಒಮ್ಮೆ ಡಿಯಲ್ಲಿಟ್ಟು ಶುರು ಮಾಡಿ ನೋಡಿದರೆ ಎಲ್ಲ ಇತ್ಯರ್ಥವಾಗುತ್ತಿತ್ತು. ಆದರೆ ಪರೀಕ್ಷೆಗೆ ಕೀಲಿಕೈ ಬೇಕು. ಕೀಲಿಕೈ ಬೇಕೆಂದರೆ ಮೊದಲು ಪರೀಕ್ಷೆಯಲ್ಲಿ ಪಾಸಾಗಬೇಕು. “ಮತ್ತ ಹೋಗಿ ಗ್ವಾಡಿಗೆ ಹೊಡೀತೀರಿ. ಈ ಸಲ ಗ್ವಾಡಿನ ಬೀಳ್ತದ,” ಎಂದಳು ಹೆಂಡತಿ. ಕೊನೆಗೆ ದಾರಿ ಮಾಡಿಕೊಟ್ಟದ್ದು ಜೋತುಬಿದ್ದಿದ್ದ ಬಂಪರ್. ಅದನ್ನು ಸರಿ ಮಾಡಿಸಲೇಬೇಕಿತ್ತು. ಬಾಡಿಗೆಯ ಡ್ರೈವರನ್ನು ಕರೆಸಿ, ತಾನೂ ಜೊತೆಗೆ ಬರುವುದಾದರೆ ಮಾತ್ರ ಕೀಲಿಕೈ ಕಪಾಟಿನಿಂದ ಹೊರಬರುತ್ತದೆ ಎಂದು ಅವಳು ಷರತ್ತು ಹಾಕಿದಳು. ನಾನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಪ್ರಯಾಣಿಕನಾಗಿ ಕೂತು ಸನತ್‌ನಗರಕ್ಕೆ ಹೋದೆ.

ಅಲ್ಲಿ ಕಾರ್ಖಾನೆಗಳ ಸಾಲಿನ ಹಿಂದೆ ಒಂದು ಶೆಡ್ಡು. ಆಟೊಮ್ಯಾಟಿಕ್ ಗೇರುಗಳಿಗೆ ಇಡೀ ಊರಿನಲ್ಲಿ ತಾನೊಬ್ಬನೇ ಎಂದು ನಂಬಿರುವ ಮೆಕ್ಯಾನಿಕ್. ತಲೆಗೆ ಮೆಹೆಂದಿ, ಕಣ್ಣಿಗೆ ಕಪ್ಪು ಕನ್ನಡಕ. ಅವನು ಬಂಪರಿನ ಕಡೆ ನೋಡಲೂ ಇಲ್ಲ. ಕಾರಿಗೆ ಅಂಗೈಯಷ್ಟಗಲದ ಯಂತ್ರವೊಂದನ್ನು ಚುಚ್ಚಿ, ಪರದೆ ನೋಡಿ, ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ತಂದ.

“ಗೇರ್ ಬಾಕ್ಸ್ ಏಕ್‌ದಂ ಫಸ್ಟ್ ಕ್ಲಾಸ್ ಸಾಬ್,” ಎಂದ. ಆಮೇಲೆ ನನ್ನನ್ನು ದಾಟಿ ಹೆಂಡತಿಯ ಕಡೆ ತಿರುಗಿ, “ಅಮ್ಮಾ, ಬ್ರೇಕ್ ಸಮಝ್ ಕೇ ಆಕ್ಸಿಲರೇಟರ್ ದಬಾಯೇ ಹೋಂಗೇ. ಉಮರ್ ಹೈ ನಾ,” ಎಂದ. ಬ್ರೇಕೆಂದುಕೊಂಡು ಆಕ್ಸಿಲರೇಟರ್ ಒತ್ತಿರಬೇಕಂತೆ, ವಯಸ್ಸಲ್ಲವೇ. ವಯಸ್ಸು ಎಂಬ ಪದ ಈ ಊರಿನ ಎಲ್ಲ ಭಾಷೆಗಳಲ್ಲೂ ನನ್ನನ್ನು ಹಿಂಬಾಲಿಸುತ್ತಿತ್ತು. ಹೆಂಡತಿ ತಲೆಯಾಡಿಸಿದಳು.

“ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಹಿಂದಿನಿಂದ ಯಾರೋ ಒದ್ದಂತೆ ಆಗುತ್ತದೆ,” ಎಂದೆ ಹಿಂದಿಯಲ್ಲಿ. ಇದನ್ನು ನಾನು ಮನೆಯಲ್ಲಿ ಮೊದಲಿನಿಂದ ಹೇಳುತ್ತಿದ್ದೆ. ಒಂದು ದಿನ ಒದೆಯುತ್ತದೆ, ಮರುದಿನ ಒದೆಯುವುದಿಲ್ಲ. ಹೆಂಡತಿ ಪಕ್ಕದಲ್ಲಿ ಕೂತಾಗ ಒಮ್ಮೆಯೂ ಒದೆದಿರಲಿಲ್ಲ. ಈ ದಿನ ಬರುವಾಗಲೂ ಇವನ ಸುತ್ತಿನಲ್ಲೂ ಟ್ರಾಫಿಕ್ಕಿನಿಂದಾಗಿ ಮೂರನೇ ಗೇರೇ ಬೀಳಲಿಲ್ಲ.

“ಲಗ್ತಾ ಹೈ ಸಾಬ್. ಬೋಲ್ತೇ ನೈ? ಅನಿಸ್ತದೆ,” ಎಂದು ನನಗಾಗಿ ತನ್ನ ಅರೆಬರೆ ಕನ್ನಡವನ್ನೂ ಸ್ವಲ್ಪ ಖರ್ಚು ಮಾಡಿದ.

ನಾನು ಅವನ ಮೇಜಿನ ಮೇಲಿದ್ದ ಸ್ಪ್ಯಾನರನ್ನು ಸರಿಸಿ ಅಲ್ಲೇ ಕೂತುಬಿಟ್ಟೆ. ಒಂದೇ ಒಂದು ಪರೀಕ್ಷೆ ಮಾಡಿ ತೋರಿಸದ ಹೊರತು ಏಳುವುದಿಲ್ಲ ಎಂದೆ. ಬ್ರೇಕ್ ಒತ್ತಿ ಹಿಡಿ, ಲಿವರನ್ನು ಡಿಯಲ್ಲಿಡು, ಕೀಲಿಕೈ ತಿರುಗಿಸು.

ಅವನು ಕನ್ನಡಕ ತೆಗೆದ. “ಐಸಾ ಸ್ಟಾರ್ಟ್ ಹೋತಾಚ್ ನೈ ಸಾಬ್. ಯಾವ ಗಾಡಿನೂ ಆಗಲ್ಲ. ಕೈಕು ಟೈಂ ಬರ್ಬಾದ್?”

“ಆಗುವುದಿಲ್ಲವಲ್ಲ. ತೋರಿಸು.”

ಅವನು ಕಾರಿನಲ್ಲಿ ಕೂತ. ಬಾಗಿಲು ತೆರೆದೇ ಇತ್ತು, ಒಂದು ಕಾಲು ಹೊರಗೆ. ಲಿವರನ್ನು ಡಿಗೆ ಎಳೆದ. ನನ್ನ ಹೆಂಡತಿಗೆ ಕಾಣಲೆಂದು ನಾಟಕದವರಂತೆ ಕೈ ಎತ್ತಿ ಕೀಲಿಕೈ ತಿರುಗಿಸಿದ. ಎಂಜಿನ್ ಗುರ್ ಎಂದು ಶುರುವಾಯಿತು. ಕಾರು ಬ್ರೇಕಿನ ವಿರುದ್ಧ ಒಮ್ಮೆ ತಲೆ ಎತ್ತಿ ಕುಸಿಯಿತು. ಮೆಕ್ಯಾನಿಕ್ ಹೊರಗಿದ್ದ ಕಾಲನ್ನು ಒಳಗೆಳೆದುಕೊಂಡ.

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಾರಿನ ಕಡೆ ನೋಡುತ್ತಿದ್ದಳು. ನಾನು ಮೇಜಿನಿಂದ ಇಳಿದು ಹೋಗಿ, ಲಿವರ್ ಇದ್ದಲ್ಲೇ ಇರಲಿ, ಈಗ ಕೀಲಿಕೈ ಎಳೆ ಎಂದೆ. ಅದೂ ಬಂತು. ಸರಿಯಿದ್ದ ಕಾರಿನಲ್ಲಿ ಪಿಗೆ ತರದ ಹೊರತು ಕೀಲಿಕೈ ಹೊರಬರಲೇಬಾರದು. ಅಪಘಾತದ ಬೆಳಿಗ್ಗೆ ಹೆಂಡತಿ ಕಿಟಕಿಯಿಂದ ಕೈ ಹಾಕಿ ಸಲೀಸಾಗಿ ಎಳೆದುಕೊಂಡು ಹೋದದ್ದು ಆಗ ನೆನಪಾಯಿತು. ಗುದ್ದಿದ ಗಾಬರಿಯಲ್ಲಿ ನಾನು ಲಿವರನ್ನು ಎಳೆದಾಡಿ ಎನ್ ಮೇಲೆ ಬಿಟ್ಟಿದ್ದೆ. ಸಾಕ್ಷ್ಯ ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ಕುಂಕುಮದ ಹಿಂದೆ ಇಟ್ಟಿದ್ದಳು.

ಆಮೇಲೆ ಒಂದೊಂದೇ ಹೊರಬಿತ್ತು. ಗೇರ್ ಬಾಕ್ಸಿನ ಪಕ್ಕಕ್ಕೆ ಒಂದು ಸ್ವಿಚ್ಚು ಇರುತ್ತದೆ. ಲಿವರ್ ಎಲ್ಲಿದೆ ಎಂದು ಸ್ಟಾರ್ಟರಿಗೆ ತಿಳಿಸುವುದು ಅದರ ಕೆಲಸ. ಯಾರೋ ಅದರ ಎರಡು ವೈರುಗಳನ್ನು ಕತ್ತರಿಸಿ, ಒಂದಕ್ಕೊಂದು ಹುರಿಮಾಡಿ, ಕಪ್ಪು ಟೇಪು ಸುತ್ತಿದ್ದರು. ಇನ್ನು ಲಿವರ್ ಎಲ್ಲೇ ಇರಲಿ, ‘ಪಿಯಲ್ಲಿದೆ’ ಎಂಬ ಒಂದೇ ಸುಳ್ಳು ಸ್ಟಾರ್ಟರಿಗೆ ಹೋಗುತ್ತಿತ್ತು. ಕೀಲಿಕೈ ಹಿಡಿಯುವ ಪುಟ್ಟ ಕೊಕ್ಕೆ ಇರಬೇಕಾದಲ್ಲಿ ಬರೀ ತೂತಿತ್ತು. ಎಣ್ಣೆಯ ತಟ್ಟೆ ಬಿಚ್ಚಿದಾಗ, ಒಳಗಿನ ಒಂದು ಸ್ಪ್ರಿಂಗಿನ ಹಿಂದೆ ಯಾರೋ ವಾಷರ್ ತುರುಕಿ ಬಿಗಿ ಮಾಡಿದ್ದು ಸಿಕ್ಕಿತು. ಎಣ್ಣೆ ಬಿಸಿಯಾದಾಗ ಒದೆಯುತ್ತದೆ, ತಣ್ಣಗಿದ್ದಾಗ ಇಲ್ಲ ಎಂದ ಮೆಕ್ಯಾನಿಕ್, ಅದನ್ನು ತಾನೇ ಮೊದಲಿನಿಂದ ಹೇಳುತ್ತಿದ್ದವನಂತೆ. ಹೆಂಡತಿ ನನ್ನ ಜೊತೆ ಬರುತ್ತಿದ್ದುದು ಪಕ್ಕದ ಬೀದಿಯ ತರಕಾರಿ ಅಂಗಡಿಯವರೆಗೆ ಮಾತ್ರ. ಅಷ್ಟರಲ್ಲಿ ಎಣ್ಣೆ ಬಿಸಿಯಾಗುವುದಿಲ್ಲ.

“ಅಮ್ಮನಿಗೆ ಹೇಳು,” ಎಂದೆ.

“ಕ್ಯಾ ಸಾಬ್?”

“ಅನಿಸಿದ್ದಲ್ಲ, ಇತ್ತು ಎಂದು ಹೇಳು.”

ಅವನು ಹೇಳಿದ. ನನಗೆ ಆಗ ಆದ ಸಂತೋಷ ಸಣ್ಣತನದ್ದು ಎಂದು ಗೊತ್ತು. ಅದನ್ನು ನಾನು ಪೂರ್ತಿ ಅನುಭವಿಸಿದೆ. ಏಜೆಂಟನಿಗೂ ಅಲ್ಲಿಂದಲೇ ಫೋನ್ ಮಾಡಿದೆ. ಅಂಥದ್ದನ್ನೆಲ್ಲ ಲೇಡಿ ಡಾಕ್ಟರ್ ಮಾಡುವುದಿಲ್ಲ ಸರ್ ಎಂದು ಅವನು ನನ್ನ ಮೇಲೆಯೇ ಬೇಸರಿಸಿಕೊಂಡ.

ಮೆಕ್ಯಾನಿಕ್ ವಾಷರ್ ತೆಗೆಯಲು ಒಪ್ಪಿದ, ಸ್ವಿಚ್ಚಿಗೆ ಕೈ ಹಾಕಲು ಒಪ್ಪಲಿಲ್ಲ. “ನಕ್ಕೋ ಸಾಬ್. ಹೀಗೇ ಇರ್ಲಿ. ಮಳೆಯಲ್ಲಿ ಸ್ವಿಚ್ ಹೋತು ಅಂದ್ರೆ ನಡು ರೋಡಲ್ಲಿ ನಿಂತುಬಿಡುತ್ತೆ. ಈಗ ಆರಾಮ್ ಇದೆ, ಎಲ್ಲಿದ್ರೂ ಸ್ಟಾರ್ಟ್.”

“ನಿಲ್ಲಲಿ,” ಎಂದೆ. “ನಡು ರೋಡಿನಲ್ಲಿ ನಿಲ್ಲುತ್ತೇನೆ, ಹಿಂದಿನವರು ಬೈಯಲಿ. ಆ ಕೊಕ್ಕೆಯೂ ಬೇಕು, ಸ್ವಿಚ್ಚೂ ಬೇಕು. ತಯಾರಾದಾಗ ಹೇಗಿತ್ತೋ ಹಾಗೆ.”

ಸಾಮಾನು ಹುಡುಕಬೇಕು, ಕಾರು ಕೆಲವು ದಿನ ಇಲ್ಲೇ ಇರಲಿ ಎಂದ. ನಾವು ಆಟೊ ಹಿಡಿದೆವು. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಫ್ಲೈಓವರ್ ಇಳಿಯುವಾಗ ಹೆಂಡತಿ ಬಾಯಿಬಿಟ್ಟಳು.

“ಅಂದ್ರ ಅವತ್ತ ಗಾಡಿ ಡಿ ಒಳಗ ಇತ್ತು.”

“ಹೂಂ. ಅದಕ್ಕ ಹಾರ್ತು.”

“ಡಿ ಒಳಗ ಬಿಟ್ಟವ್ರು ಯಾರು?”

ಆಟೊ ಒಂದು ಗುಂಡಿ ಹಾರಿಸಿತು. ನಾನು ಕಂಬಿ ಹಿಡಿದುಕೊಂಡೆ.

ಅವಳು ಗೆಲ್ಲಲು ಕೇಳಿದ್ದಲ್ಲ. ಲೆಕ್ಕ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ನಾನು ಅದನ್ನು ಅರ್ಧಕ್ಕೇ ನಿಲ್ಲಿಸಿ ಬೀಗುತ್ತಿದ್ದೆ. ಕಾರು ಕೆಟ್ಟಿದ್ದು ಸಾಬೀತಾದ ಕ್ಷಣವೇ ನಾನು ಮರೆತದ್ದೂ ಸಾಬೀತಾಗಿತ್ತು. ನನ್ನನ್ನು ಕಾಡಿದ್ದು ಮರೆತದ್ದಲ್ಲ. ಹಿಂದಿನ ಸಂಜೆ ನನ್ನ ಎಡಗೈ ಲಿವರನ್ನು ಪಿಗೆ ತಳ್ಳಿದ್ದು, ಅದು ಟಕ್ ಎಂದದ್ದು, ಮಣಿಕಟ್ಟಿನ ಮೇಲೆ ಬಿದ್ದಿದ್ದ ಪಾರ್ಕಿಂಗಿನ ದೀಪದ ಬೆಳಕು, ಎಲ್ಲ ನನಗೆ ಸ್ಪಷ್ಟವಾಗಿ ನೆನಪಿದೆ. ಈಗಲೂ ಇದೆ. ಹಾಗೊಂದು ಆಗಲೇ ಇಲ್ಲ. ಬೇರೆ ಯಾವುದೋ ಸಂಜೆಯ ಕೈಯನ್ನು ನನ್ನ ತಲೆ ತಂದು ಅಲ್ಲಿ ಅಂಟಿಸಿದೆ. ನಮ್ಮ ವಿಭಾಗದಲ್ಲಿ ಸತ್ತ ಮೀಟರಿಗೆ ನಾವು ಹೆದರುತ್ತಿರಲಿಲ್ಲ. ಸತ್ತ ಮೇಲೂ ಮುಳ್ಳು ಆಡಿಸುವ ಮೀಟರಿಗೆ ಹೆದರುತ್ತಿದ್ದೆವು.

ಒಂದೆರಡು ದಿನ ನಾನು ಕೀಲಿಕೈಯ ಮಾತೆತ್ತಲಿಲ್ಲ. ಬಾಲ್ಕನಿಯಲ್ಲಿ ಕೂತೆ. ಮಲ್ಕಾಜ್‌ಗಿರಿ ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಕೇಳುತ್ತಿತ್ತು. ಕೆಳಗೆ ನೆರೆಯವರು ಹೊಸ ಕುರ್ಚಿ ತಂದಿದ್ದರು. ಅದನ್ನು ಹಳೆಯದಿದ್ದ ಜಾಗದಲ್ಲೇ, ನನ್ನ ಕಾರು ನಿಲ್ಲುವ ಜಾಗದ ನೇರ ಎದುರಿಗೆ ಹಾಕಿದ್ದರು. ಬೇರೆ ಕಡೆ ಸರಿಸಬಹುದಿತ್ತು. ಸರಿಸಲಿಲ್ಲ. ಅದು ನನಗೆ ಸ್ವಲ್ಪ ಹಿಡಿಸಿತು.

ಅವರನ್ನು ನೋಡುತ್ತಿರುವಾಗಲೇ ನಿಂಬೆಹಣ್ಣು ನೆನಪಾಯಿತು.

ಕಾರು ಮನೆಗೆ ಬಂದಾಗ ಹೆಂಡತಿ ಪೂಜೆ ಮಾಡಿಸಿದ್ದಳು. ಯಾರದೋ ಹಳೆಯ ಕಾರಿಗೆ ಎಂಥ ಪೂಜೆ ಎಂದು ನಾನು ತಕರಾರು ಮಾಡಿದ್ದೆ. ಯಾರದೋ ಹಳೆಯದು ಅಂತಲೇ ಮಾಡಿಸಬೇಕು ಎಂದಿದ್ದಳು. ನಾಲ್ಕೂ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟು, ಮನೆಯೊಡತಿ ಕೀಲಿಕೈ ತಿರುಗಿಸಿ, ಕಾರನ್ನು ಹಣ್ಣುಗಳ ಮೇಲೆ ಹಾಯಿಸುವುದು ಪದ್ಧತಿ. ಕಾರು ಓಡಿಸಲು ಬಾರದ ಅವಳು ಸುಮ್ಮನೆ ಕೀಲಿಕೈ ತಿರುಗಿಸಬೇಕು, ಆಮೇಲೆ ಗೊತ್ತಿದ್ದವರು ಮುಂದಕ್ಕೆ ತೆಗೆದುಕೊಳ್ಳಬೇಕು ಎಂದು ಮಾತಾಗಿತ್ತು. ಅವಳು ತಿರುಗಿಸಿದ್ದೇ ತಡ, ಕಾರು ತಾನೇ ಮುಂದಕ್ಕೆ ಜಿಗಿದು ಹಣ್ಣುಗಳನ್ನು ಅಪ್ಪಚ್ಚಿ ಮಾಡಿತು. ಅವಳು ಗಾಬರಿಯಿಂದ ಕೀಲಿಕೈ ಹಿಂದಕ್ಕೆ ತಿರುಗಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಪುರೋಹಿತರು ‘ಚಾಲಾ ಮಂಚಿದಮ್ಮಾ’ ಎಂದರು, ಬಹಳ ಶುಭವಂತೆ. ಆ ವರ್ಷವೆಲ್ಲ ಅವಳ ಕೈಗುಣದ ಬಗ್ಗೆ ಕಟ್ಟಡದಲ್ಲಿ ಮಾತು. ಪಿಯಲ್ಲಿ ನಿಂತ ಕಾರು ಯಾರ ಕೈಗುಣಕ್ಕೂ ಅಲುಗುವುದಿಲ್ಲ ಎಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಹಣ್ಣುಗಳ ಮುಂದೆ ಕಾರನ್ನು ಅಳತೆ ಹಿಡಿದು ನಿಲ್ಲಿಸಿದ್ದು ನಾನು. ದೇವರನ್ನು ನಂಬದವನ ಕೈಯಿಂದ ನಿಂಬೆಹಣ್ಣಿಗೆ ಗಾಲಿ ಹೊಂದಿಸಿದರು ಎಂದು ಎಷ್ಟೋ ಜನರ ಮುಂದೆ ಹೇಳಿ ನಗಿಸಿದ್ದೇನೆ. ಅಂದರೆ ಅವತ್ತೂ ಡಿಯಲ್ಲಿ ಬಿಟ್ಟವನು ನಾನೇ. ಎರಡನೆಯ ಸಾಕ್ಷಿಯೂ ನನ್ನ ವಿರುದ್ಧವೇ. ಆದರೂ ಅದನ್ನು ಬಚ್ಚಿಡಬಾರದೆನಿಸಿತು. ಒಳಗೆ ಹೋಗಿ ಹೆಂಡತಿಗೆ ಹೇಳಿದೆ.

ಅವಳು ಅವರೆಕಾಳು ಸುಲಿಯುವುದನ್ನು ನಿಲ್ಲಿಸಿದಳು. “ನೀವೆಲ್ಲಿ ನಿಲ್ಲಿಸಿದ್ರಿ? ನೀವು ಮ್ಯಾಲಿದ್ರಿ. ಸಿಟ್ಟು ಮಾಡ್ಕೊಂಡು ಚಹಾ ಕುಡಿಯಾಕತ್ತಿದ್ರಿ.”

“ನಾನ ನಿಲ್ಲಿಸೀನಿ. ನನಗ ಛಲೋ ನೆನಪೈತಿ.”

“ನಿಮಗ ಎಲ್ಲಾ ಛಲೋ ನೆನಪಿರ್ತದ,” ಎಂದು ಫೋನಿಗೆ ಕೈ ಹಾಕಿದಳು.

ಅವಳು ಪೂಜೆಯ ವಿಡಿಯೊ ಉಳಿಸಿಕೊಂಡಿದ್ದಳು. ಸೊಸೈಟಿಯ ಹೆಂಗಸರು ಯಾರೋ ತೆಗೆದದ್ದು. ಗಾಲಿಗಳ ಮುಂದೆ ಹಣ್ಣು, ಬಾನೆಟ್ಟಿನ ಮೇಲೆ ಅರಿಶಿಣದ ಸ್ವಸ್ತಿಕ. ಕಾರು ಅಂಗುಲ ಅಂಗುಲವಾಗಿ ಮುಂದೆ ಬಂದು ಹಣ್ಣಿಗೆ ತಾಗುವಷ್ಟರಲ್ಲಿ ನಿಲ್ಲುತ್ತದೆ. ಎಂಜಿನ್ ಆರುತ್ತದೆ. ಡ್ರೈವರ್ ಬಾಗಿಲು ತೆರೆದು, ಬಿಳಿ ಪಂಚೆ ಎತ್ತಿ ಹಿಡಿದು, ನಗುತ್ತಾ ಇಳಿಯುವವರು ನಮ್ಮ ನೆಲಮಹಡಿಯ ನೆರೆಯವರು. ಕೀಲಿಕೈಯನ್ನು ಹೊರತೆಗೆದು ವೀಳ್ಯದೆಲೆಯ ತಟ್ಟೆಯಲ್ಲಿಟ್ಟು ನನ್ನ ಹೆಂಡತಿಗೆ ಒಪ್ಪಿಸುತ್ತಾರೆ. ಅವಳು ಕೂರುತ್ತಾಳೆ, ತಿರುಗಿಸುತ್ತಾಳೆ, ಕಾರು ಜಿಗಿಯುತ್ತದೆ. ಚಪ್ಪಾಳೆ. ನಾನು ಎಲ್ಲೂ ಇಲ್ಲ.

ಮತ್ತೆ ಮತ್ತೆ ನೋಡಿದೆ. ನಾನು ಎಲ್ಲೂ ಇರಲಿಲ್ಲ. ಹೇಳಿ ಹೇಳಿ ಆ ಕತೆಯೊಳಗೆ ನಾನೇ ಹೋಗಿ ಸೇರಿಕೊಂಡಿದ್ದೆ. ನನ್ನ ನೆನಪು ನನ್ನ ಪರವಾಗಿ ಮಾತ್ರವಲ್ಲ, ನನ್ನ ವಿರುದ್ಧವೂ ಸುಳ್ಳು ಹೇಳುತ್ತದೆ ಎಂದು ತಿಳಿದಾಗ ವಿಚಿತ್ರ ಸಮಾಧಾನವಾಯಿತು. ಕನಿಷ್ಠ ಪಕ್ಷಪಾತವಿಲ್ಲ.

ಫೋನ್ ಹಿಡಿದು ಕೆಳಗೆ ಹೋದೆ. ಹೆಂಡತಿ ‘ಬ್ಯಾಡ್ರಿ’ ಎನ್ನುತ್ತಲೇ ಹಿಂದೆ ಬಂದಳು. ನೆರೆಯವರು ಹೊಸ ಕುರ್ಚಿಯಲ್ಲಿ ಕೂತು ವಿಡಿಯೊ ನೋಡಿದರು, ಮೊದಲು ಕನ್ನಡಕವಿಲ್ಲದೆ, ಆಮೇಲೆ ಕನ್ನಡಕ ಹಾಕಿಕೊಂಡು.

“ನೋಡ್ರಿ, ಆ ಪಂಚೆ ಈಗಿಲ್ಲ,” ಎಂದರು.

“ಗಾಡಿ ಡಿ ಒಳಗ ಬಿಟ್ಟು ಚಾವಿ ತಗದೀರಿ.”

“ಇಲ್ರಿ. ನಾ ಪಿ ಒಳಗ ಹಾಕೀನಿ. ನನಗ ಕರೆಕ್ಟ್ ನೆನಪದ. ಟಕ್ ಅಂತ ಸಪ್ಪಳಾತು.”

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ನಾನು ಸನತ್‌ನಗರದ ಕತೆ ಹೇಳಿದೆ: ಹುರಿಮಾಡಿದ ವೈರು, ಕಪ್ಪು ಟೇಪು, ಕಾಣೆಯಾದ ಕೊಕ್ಕೆ. ವೈರಿನ ಮಾತು ಬಂದಾಗ ಅವರ ಮುಖ ಬದಲಾಯಿತು. ರೈಲ್ವೆಯಲ್ಲೂ ಹಾಗೆ ವೈರು ಹಾಕಿ ಸಿಗ್ನಲ್ಲಿಗೆ ಸುಳ್ಳು ಹೇಳಿಸುವವರಿದ್ದರಂತೆ. ಹಳಿ ಬದಲಿಸುವ ಕಾಂಟಾ ಸರಿಯಾಗಿ ಕೂರದಿದ್ದರೂ ಕೂತಿದೆ ಎಂದು ತೋರಿಸಿ ಗಾಡಿ ಬಿಡಲು. ಅಂಥವರ ಮೇಲೆ ತಾವೇ ರಿಪೋರ್ಟ್ ಬರೆದದ್ದುಂಟು ಎಂದರು.

“ಅವಾಗ ಡ್ರೈವರ್ ಮರ್ತಾ ಅಂತ ಬರೀತಿದ್ರಿ ಏನು?” ಎಂದು ಕೇಳಿದೆ.

ಅವರು ಫೋನು ವಾಪಸು ಕೊಟ್ಟರು. “ನಿಮ್ಮ ಗಾಡಿ ರೆಡಿಯಾದ ಮ್ಯಾಲ ಮಾತಾಡೋಣ್ರಿ,” ಎಂದು ಪತ್ರಿಕೆ ಬಿಡಿಸಿದರು. ಅದು ತಲೆಕೆಳಗಾಗಿತ್ತೆಂದು ಹೇಳಿದರೆ ಕತೆ ಚೆನ್ನಾಗಿರುತ್ತದೆ. ಇರಲಿಲ್ಲ.

ನಾನು ಮರೆಯುತ್ತೇನೆ. ಅದನ್ನು ಇನ್ನು ಯಾರೂ ನನಗೆ ಸಾಬೀತು ಮಾಡಿ ತೋರಿಸಬೇಕಾಗಿಲ್ಲ. ಆದರೆ ಒಂದನ್ನು ಒಪ್ಪುವುದಿಲ್ಲ. ನಾನು ಮಾತ್ರ ಮರೆಯುತ್ತೇನೆ ಎಂಬುದನ್ನು. ಎಲ್ಲರೂ ಮರೆಯುತ್ತಾರೆಂದು ಗೊತ್ತಿದ್ದವರು ಯಾರೋ ಆ ಸ್ವಿಚ್ಚನ್ನೂ ಕೊಕ್ಕೆಯನ್ನೂ ಮಾಡಿದರು. ಸರಿಯಿದ್ದ ಕಾರಿನವನು ದಿನಾ ಮರೆಯುತ್ತಾನೆ, ಕಾರು ಅವನನ್ನು ದಿನಾ ತಡೆಯುತ್ತದೆ, ಅವನು ಇಡೀ ಆಯುಷ್ಯ ತನ್ನ ನೆನಪು ಚೆನ್ನಾಗಿದೆ ಎಂದುಕೊಂಡೇ ಇರುತ್ತಾನೆ. ನನ್ನ ಪಾಲಿನ ತಡೆಯನ್ನು ಮುಖ ಕಾಣದ ಒಬ್ಬ ಕತ್ತರಿಸಿ ಟೇಪು ಸುತ್ತಿದ. ಕಾರು ಗುದ್ದಿದ ಮೇಲೆ ಎಲ್ಲರೂ ನನ್ನ ವಯಸ್ಸು ಲೆಕ್ಕ ಹಾಕಿದರು. ಇದನ್ನು ಮಗಳಿಗೂ ಹೇಳಿದೆ. ಡಾಕ್ಟರ ಬಳಿ ಬರುತ್ತೇನೆ, ಆದರೆ ಕಾರು ತಯಾರಾದ ಮೇಲೆ, ನಾನೇ ಓಡಿಸಿಕೊಂಡು ಬರುತ್ತೇನೆ ಎಂದೆ. “ಅಲ್ಲಿ ಪಾರ್ಕಿಂಗ್ ಸಿಗಲ್ಲ ಅಪ್ಪಾ,” ಎಂದಳು. ಅದನ್ನು ನಾನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ಕಾರು ತರಲು ಹೆಂಡತಿಯೂ ಬಂದಳು. ಡಿಯಲ್ಲಿಟ್ಟು ಕೀಲಿಕೈ ತಿರುಗಿಸಲು ಮೆಕ್ಯಾನಿಕ್‌ಗೆ ಹೇಳಿದವಳು ಈ ಸಲ ಅವಳೇ. ಎಂಜಿನ್ ಉಸಿರೆತ್ತಲಿಲ್ಲ. “ಇನ್ನೊಮ್ಮೆ,” ಎಂದಳು. ಅವನು ನನ್ನ ಕಡೆ ನೋಡಿ ನಿಟ್ಟುಸಿರುಬಿಟ್ಟು ಇನ್ನೊಮ್ಮೆ ತಿರುಗಿಸಿದ. ಬಾಡಿಗೆಯ ಡ್ರೈವರನ್ನು ಅವಳು ಕರೆಸಿರಲಿಲ್ಲ. ನಾನು ಓಡಿಸಿದೆ. ಬ್ರೇಕಿನ ಮೇಲೆ ಕಾಲಿಟ್ಟೇ ಶುರು ಮಾಡಿದೆ. ಹಳೆಯ ಕಾರಿನ ಕಾಲದಿಂದ ಆ ಅಭ್ಯಾಸ ನನಗಿರಲಿಲ್ಲ. ಗೇರುಗಳು ಒದೆಯದೆ ಬದಲಾದವು. ಎಣ್ಣೆ ಬಿಸಿಯಾಗಲೆಂದೇ ದೂರದ ದಾರಿ ಹಿಡಿದೆ. ದಾರಿಯಲ್ಲಿ ಅವಳು ಕಿಟಕಿಯಿಂದಲೇ ತರಕಾರಿ ಕೊಂಡಳು.

ಗೇಟಿನೊಳಗೆ ಬಂದಾಗ ನೆರೆಯವರು ಕುರ್ಚಿಯಲ್ಲೇ ಇದ್ದರು. ಕಾರು ನೇರ ಅವರ ಕಡೆಗೇ ಹೋಗುತ್ತಿತ್ತು. ಅವರು ಏಳಲಿಲ್ಲ, ಪತ್ರಿಕೆಯನ್ನು ಮಾತ್ರ ಸ್ವಲ್ಪ ಕೆಳಗಿಳಿಸಿದರು. ನಾನು ನನ್ನ ಗೆರೆಯೊಳಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಕೈ ಎಳೆದೆ.

ಬರಲಿಲ್ಲ.

ಮತ್ತೆ ಎಳೆದೆ. ಒಳಗೆ ಏನೋ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಕೆಳಗೆ ನೋಡಿದೆ. ಲಿವರ್ ಡಿಯಲ್ಲಿತ್ತು.

ನೆರೆಯವರು ಕುರ್ಚಿಯಿಂದಲೇ ಕತ್ತು ಚಾಚಿದರು. “ಮರ್ತ್ರೇನು?”

“ಹೂಂ, ಮರ್ತೆ,” ಎಂದೆ, ಕಟ್ಟಡಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ. “ಅದಕ್ಕ ಹಿಡ್ಕೊಂಡು ಕುಂತೈತಿ, ಬಿಡವಲ್ದು.”

ಲಿವರನ್ನು ಪಿಗೆ ತಳ್ಳಿದೆ. ಟಕ್ ಎಂದಿತು. ಕೀಲಿಕೈ ಸಲೀಸಾಗಿ ಕೈಗೆ ಬಂತು. ಪಕ್ಕದಲ್ಲಿ ಹೆಂಡತಿಯ ಅಂಗೈ ಆಗಲೇ ಚಾಚಿಕೊಂಡಿತ್ತು, ಇಷ್ಟು ದಿನದ ರೂಢಿಯಿಂದ. ನಾನು ಕೀಲಿಕೈಯನ್ನು ನನ್ನ ಶರ್ಟಿನ ಜೇಬಿಗೆ ಹಾಕಿಕೊಂಡೆ. ಅವಳು ತನ್ನ ಖಾಲಿ ಅಂಗೈಯನ್ನು ಒಮ್ಮೆ ನೋಡಿ, ಸೆರಗಿಗೆ ಒರೆಸಿಕೊಂಡು, ತರಕಾರಿ ಚೀಲ ಎತ್ತಿಕೊಂಡು ಇಳಿದಳು.

“ನಾಳೆ ಇಡ್ಲಿ ತಿನ್ನಾಕ ಹೋಗೂದಿದ್ರ ನನ್ನೂ ಎಬ್ಬಸ್ರಿ,” ಎಂದಳು. “ಮರೀಬ್ಯಾಡ್ರಿ.”